ಎತ್ತರ ಆಮೇಲೆ, ಮೊದಲು ಕೈ ನೋಡಿ

ಹೊಸ ಪ್ರತಿಮೆಯೊಂದು ಎದ್ದು ನಿಂತರೆ ಮರುದಿನದ ಪತ್ರಿಕೆಯಲ್ಲಿ ಮೊದಲು ಬರುವುದು ಅದರ ಎತ್ತರ, ಆಮೇಲೆ ತೂಕ, ಕೊನೆಗೆ ಖರ್ಚು. ಬೆಂಗಳೂರಿನ ವಿಮಾನ ನಿಲ್ದಾಣದ ಆವರಣದಲ್ಲಿ 2022ರ ನವೆಂಬರ್‌ನಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ 108 ಅಡಿ. ಅದಕ್ಕೆ ಹಿಡಿದ ಕಂಚು 98 ಟನ್, ಉಕ್ಕು 120 ಟನ್. ಗುಜರಾತಿನ ಏಕತಾ ಪ್ರತಿಮೆ 182 ಮೀಟರ್. ಈ ಅಂಕಿಗಳು ಶಾಲಾ ಮಕ್ಕಳಿಗೂ ಬಾಯಿಪಾಠ. ಅಷ್ಟು ಲೋಹವನ್ನು ಅಷ್ಟು ಎತ್ತರದಲ್ಲಿ ಗಾಳಿಮಳೆಗೆ ಅಲುಗದಂತೆ ನಿಲ್ಲಿಸುವುದು ಸಣ್ಣ ಸಾಧನೆಯೂ ಅಲ್ಲ. ಆದರೆ ಊರಿನ ಚೌಕದಲ್ಲಿ ದಿನಾ ನೋಡುವ ಪ್ರತಿಮೆಯ ಕೈಬೆರಳು ಹೇಗಿವೆ, ಪಾದ ನೆಲವನ್ನು ಒತ್ತಿದೆಯೋ ಎತ್ತಿದೆಯೋ, ಉಡುಪಿನ ನೆರಿಗೆ ಯಾವ ಕಡೆಗೆ ಬಿದ್ದಿದೆ ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಇದನ್ನು ರಸಿಕರ ಸೂಕ್ಷ್ಮ, ನಮಗೇಕೆ ಎಂದು ಬಿಟ್ಟುಬಿಡುವುದು ರೂಢಿ. ಈ ರೂಢಿಯೇ ತಪ್ಪು ಎಂಬುದು ಈ ಲೇಖನದ ವಾದ. ಸಾರ್ವಜನಿಕ ಕಂಚಿನ ಶಿಲ್ಪವೊಂದು ಏನು ಹೇಳುತ್ತಿದೆ ಎಂಬುದು ಅದರ ಸಣ್ಣ ವಿವರಗಳಲ್ಲೇ ತೀರ್ಮಾನವಾಗುತ್ತದೆ. ವಿವರ ನೋಡದವನು ಪ್ರತಿಮೆಯನ್ನು ಅರ್ಧ ನೋಡಿದ್ದಾನೆ ಎನ್ನುವುದೂ ಸಾಲದು. ಅವನು ನೋಡಿರುವುದು ಬೇರೆಯದೇ ಪ್ರತಿಮೆ.

ಈ ವಾದವನ್ನು ಒರೆಗೆ ಹಚ್ಚಲು ಫ್ರಾನ್ಸಿನ ಉತ್ತರ ಕರಾವಳಿಯ ಕ್ಯಾಲೆ ಪಟ್ಟಣದ ಒಂದು ಶಿಲ್ಪ ತಕ್ಕದ್ದು: ಆಗಸ್ಟ್ ರೋಡಿನ್ ರೂಪಿಸಿದ ‘ಬರ್ಗರ್ಸ್ ಆಫ್ ಕ್ಯಾಲೆ’, ಅಂದರೆ ಕ್ಯಾಲೆಯ ಪುರಪ್ರಮುಖರು. ಕಥೆ 14ನೇ ಶತಮಾನದ್ದು. ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ 1346ರಲ್ಲಿ ಕ್ರೆಸಿ ಯುದ್ಧ ಗೆದ್ದು ಕ್ಯಾಲೆಗೆ ಮುತ್ತಿಗೆ ಹಾಕಿದ. ಹನ್ನೊಂದು ತಿಂಗಳ ಕಾಲ ಒಳಗಿದ್ದವರು ಹಸಿವಿನಿಂದ ಬೆಂದರು. 1347ರ ಆಗಸ್ಟ್‌ನಲ್ಲಿ ಊರು ಶರಣಾಯಿತು. ಆರು ಮಂದಿ ಪ್ರಮುಖರು ಬರಿತಲೆಯಲ್ಲಿ, ಬರಿಗಾಲಲ್ಲಿ, ಕೊರಳಿಗೆ ಹಗ್ಗ ಬಿಗಿದುಕೊಂಡು ಕೋಟೆಯ ಬೀಗದ ಕೈ ಹಿಡಿದು ಬಂದರೆ ಉಳಿದವರಿಗೆ ಜೀವದಾನ ಎಂದು ಎಡ್ವರ್ಡ್ ಷರತ್ತು ಹಾಕಿದನೆಂದೂ, ಯೂಸ್ಟಾಶ್ ದ ಸೇಂಟ್ ಪಿಯರ್ ಎಂಬ ಸಿರಿವಂತ ಮೊದಲು ಮುಂದೆ ಬಂದನೆಂದೂ, ಗರ್ಭಿಣಿ ರಾಣಿ ಫಿಲಿಪ್ಪಾಳ ಬೇಡಿಕೆಯಿಂದ ಆರೂ ಮಂದಿ ಉಳಿದರೆಂದೂ ಅಂದಿನ ವೃತ್ತಾಂತಕಾರ ಫ್ರ್ವಾಸಾರ್ ಹೇಳುತ್ತಾನೆ. 1884ರಲ್ಲಿ ಮೇಯರ್ ಒಮೇರ್ ದವಾವ್ರಾಂ ನೇತೃತ್ವದ ಸಮಿತಿ ಯೂಸ್ಟಾಶ್‌ನ ಒಂದು ಪ್ರತಿಮೆ ನಿಲ್ಲಿಸಲು ಹೊರಟಿತು. ಒಬ್ಬನಿಗೆ ಕೊಡುವ ಹಣದಲ್ಲೇ ಆರೂ ಜನರನ್ನು ಮಾಡಿಕೊಡುತ್ತೇನೆ ಎಂದು ರೋಡಿನ್ ಒಪ್ಪಿಸಿದ. ಮಾತುಕತೆ, ಜಗಳ, ಹಣದ ಅಡಚಣೆ ಎಲ್ಲ ದಾಟಿ ಶಿಲ್ಪ ಕ್ಯಾಲೆಯಲ್ಲಿ ಅನಾವರಣಗೊಂಡದ್ದು 1895ರ ಜೂನ್ 3ರಂದು.

ಆರು ಜನರೂ ಆಳೆತ್ತರಕ್ಕಿಂತ ತುಸು ದೊಡ್ಡವರು. ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಇವನೇ ನಾಯಕ ಎಂದು ಬೆರಳು ಮಾಡುವಂತಿಲ್ಲ. ಒಬ್ಬನೂ ಇನ್ನೊಬ್ಬನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿಲ್ಲ. ಹಾಗಾಗಿ ಮುಖದಿಂದ ಮುಖಕ್ಕೆ ಕಥೆ ಸಾಗದು. ಅದು ಸಾಗುವುದು ಕೈಗಳಲ್ಲಿ. ಯೂಸ್ಟಾಶ್‌ನ ಕೈಗಳು ತೊಡೆಯ ಪಕ್ಕದಲ್ಲಿ ಜೋತುಬಿದ್ದಿವೆ. ಗೆಣ್ಣುಗಳು ಉಬ್ಬಿ, ನರಗಳು ಎದ್ದು, ಮೈಯಳತೆಗೆ ಮೀರಿ ದೊಡ್ಡದಾಗಿ ಕಾಣುವ ಆ ಕೈಗಳಲ್ಲಿ ಹಿಡಿಯುವ ಆಸೆ ಯಾವುದೂ ಉಳಿದಿಲ್ಲ. ಪಕ್ಕದ ಜಾಂ ದೇರ್ ಅದಕ್ಕೆ ತೀರ ವಿರುದ್ಧ. ಬೀಗದ ಕೈಯನ್ನು ಎರಡೂ ಕೈಗಳಿಂದ ಹಿಡಿದು, ದವಡೆ ಬಿಗಿದು, ಕಂಬದಂತೆ ನಿಂತಿದ್ದಾನೆ. ಊರನ್ನೇ ಒಪ್ಪಿಸಲು ಹೊರಟವನ ಹಿಡಿತ ಇನ್ನೂ ಸಡಿಲಾಗಿಲ್ಲ. ಪಿಯರ್ ದ ವಿಸಾಂ ಬಲಗೈಯನ್ನು ಮೇಲಕ್ಕೆತ್ತಿ ಹಿಂದಕ್ಕೆ ತಿರುಗಿದ್ದಾನೆ. ಮಣಿಕಟ್ಟು ಬಾಗಿದೆ, ಬೆರಳುಗಳು ಅರಳಿವೆ. ಕರೆಯುವ ಕೈಯೋ, ಬೀಳ್ಕೊಡುವ ಕೈಯೋ, ಏನೋ ಹೇಳಹೊರಟು ಮಾತು ತಪ್ಪಿದ ಕೈಯೋ ಹೇಳುವುದು ಕಷ್ಟ. ಜಾಕ್ ದ ವಿಸಾಂ ಕಾಣಬಾರದ್ದೇನನ್ನೋ ಸರಿಸುವವನಂತೆ ಕಣ್ಣ ಮುಂದೆ ಕೈ ತಂದಿದ್ದಾನೆ. ಎಲ್ಲರಿಗಿಂತ ಕಿರಿಯ ಜಾಂ ದ ಫಿಯೆನ್‌ನ ತೋಳುಗಳು ತೆರೆದಿವೆ, ಅಂಗೈ ಬರಿದಾಗಿವೆ. ಆಂದ್ರಿಯು ದಾಂದ್ರ್ ತಲೆಯನ್ನು ಎರಡೂ ಕೈಗಳಲ್ಲಿ ಹುದುಗಿಸಿ ಬಾಗಿದ್ದಾನೆ. ಅವನ ಮುಖ ನೋಡಬೇಕಾದರೆ ನೋಡುವವನೂ ಬಾಗಬೇಕು. ಸಾವಿಗೆ ಒಪ್ಪಿದ ಆರು ಜನ ಒಂದೇ ಹೊತ್ತಿನಲ್ಲಿ ಆರು ಬಗೆಯಲ್ಲಿ ಒಪ್ಪಿದ್ದಾರೆ, ಇಬ್ಬರು ಮೂವರು ಇನ್ನೂ ಪೂರ್ತಿ ಒಪ್ಪಿಲ್ಲ ಎಂಬ ಸಂಗತಿಯನ್ನು ದೂರದಿಂದ ಕಾಣುವ ಆಕಾರ ಹೇಳುವುದೇ ಇಲ್ಲ. ಹೇಳುವುದು ಈ ಹನ್ನೆರಡು ಕೈಗಳು.

ಇಂಥ ಕೈಗಳು ಕಂಚಿನಲ್ಲೇ ಆಗಬೇಕಿದ್ದವು. ಅಮೃತಶಿಲೆಯಲ್ಲಿ ಮೈಯಿಂದ ದೂರ ಚಾಚಿದ ತೋಳಿಗೆ ಆಸರೆ ಬೇಕು, ತೆಳುವಾದ ಬೆರಳು ಮುರಿಯುವ ಭಯ ಬೇರೆ. ಒಳಗೆ ಟೊಳ್ಳಾಗಿ ಎರಕ ಹೊಯ್ದ ಕಂಚು ತನ್ನ ಬಲದಲ್ಲೇ ಚಾಚಿ ನಿಲ್ಲುತ್ತದೆ. ಇನ್ನೊಂದು ಕಡೆ ಕಂಚಿಗೆ ಒಂದು ಕೊರತೆಯೂ ಇದೆ: ಅದಕ್ಕೆ ಚಿತ್ರದ ಹಾಗೆ ಬಣ್ಣಗಳಿಲ್ಲ. ಕಣ್ಣು, ಕೂದಲು, ಚರ್ಮ, ಬಟ್ಟೆ ಎಲ್ಲವೂ ಒಂದೇ ಕಪ್ಪುಹಸಿರು. ಹಾಗಾಗಿ ಶಿಲ್ಪಿ ಬೆಳಕು ನೆರಳುಗಳಿಂದಲೇ ಕೆಲಸ ತೆಗೆಯಬೇಕು. ರೋಡಿನ್ ಈ ಆರು ಜನರನ್ನು ಮೊದಲು ಬೆತ್ತಲೆಯಾಗಿ ರೂಪಿಸಿ, ಮೈಯ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಬೆನ್ನು ಎಲ್ಲಿ ತಿರುಚಿದೆ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ ಅಂಗಿ ತೊಡಿಸಿದ. ಆದ್ದರಿಂದಲೇ ಆ ಒರಟು ನಿಲುವಂಗಿಯ ಒಂದು ನೆರಿಗೆಯೂ ಸುಮ್ಮನೆ ಬಿದ್ದದ್ದಲ್ಲ. ಜಾಂ ದೇರ್‌ನ ಅಂಗಿ ಭುಜದಿಂದ ನೇರ ಇಳಿದು ಅವನ ನಿಲುವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಪಿಯರ್‌ನ ಅಂಗಿ ಅವನ ತಿರುವಿನ ಜೊತೆಗೇ ಸುತ್ತಿಕೊಂಡಿದೆ. ನೆರಿಗೆಗಳ ನಡುವೆ ಆಳವಾದ ಕೊರಕಲುಗಳಿವೆ. ಇಳಿ ಬಿಸಿಲಿನಲ್ಲಿ ಅವುಗಳಲ್ಲಿ ಕತ್ತಲು ತುಂಬಿಕೊಂಡಾಗ ಶಿಲ್ಪದ ಗುಂಪು ಬಿಗಿಯಾಗಿ, ನಡುಹಗಲಿನಲ್ಲಿ ಸಡಿಲವಾಗಿ ತೋರುತ್ತದೆ. ಪಾದಗಳನ್ನೂ ನೋಡಬೇಕು. ದೊಡ್ಡ ದೊಡ್ಡ ಬರಿಗಾಲುಗಳು ಏರುತಗ್ಗಿನ ಪೀಠವನ್ನು ಒತ್ತಿ ಹಿಡಿದಿವೆ. ಹೊರಡಬೇಕೆಂದು ಮೈ ಹೇಳುತ್ತಿದ್ದರೂ ಹಿಮ್ಮಡಿ ಒಪ್ಪುತ್ತಿಲ್ಲ.

ಇಲ್ಲಿ ವಿವರ ಮತ್ತು ಅಲಂಕಾರದ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಳ್ಳಬೇಕು. ನಾವು ಸೂಕ್ಷ್ಮ ಕೆಲಸ ಎಂದು ಮೆಚ್ಚುವುದು ಸಾಮಾನ್ಯವಾಗಿ ಅಲಂಕಾರವನ್ನು: ಕೋಟಿನ ಗುಂಡಿ, ಕತ್ತಿಯ ಹಿಡಿಯ ಹೂಬಳ್ಳಿ, ಪೇಟದ ಅಂಚು, ಮೀಸೆಯ ಒಂದೊಂದು ಎಳೆ. ಕುಸುರಿ ಹೆಚ್ಚಾದಷ್ಟೂ ಶಿಲ್ಪಿ ದೊಡ್ಡವನು ಎಂಬ ನಂಬಿಕೆ ನಮ್ಮದು. ರೋಡಿನ್‌ನ ಶಿಲ್ಪದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಈ ಆರು ಜನರಲ್ಲಿ ಹಲವರು ಹಣವಂತರು. ಹಾಗಿದ್ದೂ ಒಂದು ಉಂಗುರವಿಲ್ಲ, ಒಂದು ಪದಕವಿಲ್ಲ, ಅಂಗಿಗೆ ಅಂಚುಪಟ್ಟಿಯೂ ಇಲ್ಲ. ಕಣ್ಣಿಗೆ ಬೀಳುವ ವಸ್ತುಗಳು ಎರಡೇ, ಹಗ್ಗ ಮತ್ತು ಬೀಗದ ಕೈ. ಒಂದು ಕಡೆ ಇಷ್ಟು ಜಿಪುಣತನ, ಇನ್ನೊಂದು ಕಡೆ ಗೆಣ್ಣು ಗೆಣ್ಣಿಗೂ ಧಾರಾಳ. ಈ ಏರುಪೇರೇ ಶಿಲ್ಪಿಯ ವಿಚಾರ. ಎಲ್ಲವನ್ನೂ ಸಮವಾಗಿ ತಿದ್ದಿ ತೀಡಿದ ಪ್ರತಿಮೆಯಲ್ಲಿ ಕುಶಲತೆ ಇರಬಹುದು, ಆಯ್ಕೆ ಇರುವುದಿಲ್ಲ. ಪರೀಕ್ಷೆ ಸುಲಭ: ಒಂದು ಅಂಶವನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಕತ್ತಿಯ ಹಿಡಿಯ ಹೂಬಳ್ಳಿ ಹೋದರೆ ಪ್ರತಿಮೆಯ ಅರ್ಥ ಕದಲದಿದ್ದರೆ ಅದು ಅಲಂಕಾರ. ಯೂಸ್ಟಾಶ್‌ನ ಜೋಲುಗೈಯನ್ನು ಮುಷ್ಟಿ ಮಾಡಿದರೆ ಶರಣಾಗತಿಯ ಶಿಲ್ಪ ದಂಗೆಯ ಶಿಲ್ಪವಾಗಿಬಿಡುತ್ತದೆ. ಆದ್ದರಿಂದ ಅದು ವಿವರ.

ಇದಕ್ಕೆ ಮೊದಲ ಆಕ್ಷೇಪ ನ್ಯಾಯವಾದದ್ದೇ. ಚೌಕದ ಪ್ರತಿಮೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಬೊಂಬೆಯಲ್ಲ. ಬಸ್ಸಿನಲ್ಲಿ ಹೋಗುವವರು, ಸಂತೆಗೆ ಬಂದವರು, ಅವಸರದಲ್ಲಿರುವವರು ನೋಡುವಂಥದ್ದು. ಒಂದೇ ನೋಟಕ್ಕೆ ಅರ್ಥವಾಗಬೇಕು. ಬೆರಳಿನ ಗೆಣ್ಣು ಯಾರಿಗೆ ಕಾಣುತ್ತದೆ? ಕ್ಯಾಲೆಯ ಸಮಿತಿಯ ಅಸಮಾಧಾನದ ಬೇರೂ ಇಲ್ಲೇ ಇತ್ತು. 1885ರಲ್ಲಿ ರೋಡಿನ್ ತೋರಿಸಿದ ಎರಡನೇ ಮಾದರಿಯನ್ನು ಕಂಡು, ಇವರು ತೀರ ಕುಗ್ಗಿದ್ದಾರೆ, ವೀರರ ಹಾಗೆ ಕಾಣುವುದಿಲ್ಲ, ಗುಂಪಿಗೆ ಗೋಪುರದಂಥ ಏರಿಕೆಯಿಲ್ಲ ಎಂದು ಅವರು ದೂರಿದರು. ತಲೆಯಿಂದ ಬುಡಕ್ಕೆ ಅಗಲವಾಗುತ್ತ ಬರುವ ಆಕಾರ ಅಂದಿನ ಕಲಾಶಾಲೆಗಳ ಕಟ್ಟುಪಾಡಾಗಿತ್ತು; ರೋಡಿನ್ ಅದನ್ನು ಒಪ್ಪಲಿಲ್ಲ. ಸಮಿತಿ ಕೇಳಿದಂತೆ ಮಾಡಿದ್ದರೆ ಒಂದೇ ನೋಟಕ್ಕೆ ಅರ್ಥವಾಗುವ ಪ್ರತಿಮೆ ಸಿಗುತ್ತಿತ್ತು. ಎರಡನೇ ನೋಟಕ್ಕೆ ಕೊಡಲು ಅದರ ಬಳಿ ಏನೂ ಉಳಿಯುತ್ತಿರಲಿಲ್ಲ. ಆಕ್ಷೇಪ ಮರೆಯುವುದು ಇದನ್ನೇ. ವಸ್ತುಸಂಗ್ರಹಾಲಯಕ್ಕೆ ಜನ ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಹೋಗುತ್ತಾರೆ. ಊರಿನ ಚೌಕವನ್ನು ವರ್ಷಗಟ್ಟಲೆ, ಬೇರೆ ಬೇರೆ ಬಿಸಿಲಿನಲ್ಲಿ, ಬೇರೆ ಬೇರೆ ಮನಃಸ್ಥಿತಿಯಲ್ಲಿ ಹಾಯುತ್ತಾರೆ. ಒಂದೇ ನೋಟಕ್ಕೆ ಮುಗಿದುಹೋಗುವ ಕೃತಿ ಬೇಕಾದದ್ದು ಜಾಹೀರಾತಿಗೆ. ದಿನವೂ ಎದುರಾಗುವ ಕೃತಿಗೆ ನಿಧಾನವಾಗಿ ತೆರೆದುಕೊಳ್ಳುವ ಗುಣ ಬೇಕು, ಅದು ಇರುವುದು ವಿವರದಲ್ಲಿ.

ಕಾಣುವುದಿಲ್ಲ ಎಂಬ ದೂರಿಗೆ ಕಾರಣ ಬಹುತೇಕ ಶಿಲ್ಪವಲ್ಲ, ಪೀಠ. ಕ್ಯಾಲೆಯ ಶಿಲ್ಪದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಒಂದೋ ತೀರ ಎತ್ತರದಲ್ಲಿ ಆಕಾಶಕ್ಕೆ ಎದುರಾಗಿ, ಇಲ್ಲವೇ ಇಂದಿನ ಊರಿನವರು ಅಂದಿನವರಿಗೆ ಭುಜ ತಾಗಿಸಿ ನಡೆಯುವಂತೆ ನೆಲಮಟ್ಟದಲ್ಲಿ ಇಡಬೇಕೆಂಬ ಎರಡು ಯೋಚನೆ ರೋಡಿನ್‌ಗಿದ್ದವು. 1895ರಲ್ಲಿ ಊರು ಎರಡನ್ನೂ ಬಿಟ್ಟು ನಡುವಿನ ಪೀಠ ಕಟ್ಟಿ, ಸುತ್ತ ಕಬ್ಬಿಣದ ಬೇಲಿ ಹಾಕಿತು. ರೋಡಿನ್ 1917ರಲ್ಲಿ ತೀರಿಕೊಂಡ. 1924ರಲ್ಲಿ ಶಿಲ್ಪವನ್ನು ಪುರಭವನದ ಮುಂದಕ್ಕೆ ತಂದು ತಗ್ಗು ಪೀಠದ ಮೇಲೆ ನಿಲ್ಲಿಸಿದ ಮೇಲಷ್ಟೇ ಕೈಗಳು ನೋಡುವವರ ಕಣ್ಣಿನ ಮಟ್ಟಕ್ಕೆ ಇಳಿದವು. ಲಂಡನ್ನಿನಲ್ಲಿ ಪಾರ್ಲಿಮೆಂಟ್ ಪಕ್ಕದ ವಿಕ್ಟೋರಿಯಾ ಟವರ್ ಉದ್ಯಾನದಲ್ಲಿರುವ ಎರಕವನ್ನು ಮೊದಲು ಬಹಳ ಎತ್ತರದ ಪೀಠದ ಮೇಲೆ ಇಟ್ಟಿದ್ದರು. ಅದನ್ನೂ 1956ರಲ್ಲಿ ತಗ್ಗಿಸಬೇಕಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಗಿ, ಆರು ಜನರನ್ನೂ ಬಿಡಿಬಿಡಿಯಾಗಿ ಅಂಗಳದ ನೆಲದ ಮೇಲೇ ನಿಲ್ಲಿಸಿದೆ. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ನೆಲೆಸಿರುವ ಕನ್ನಡಿಗರು ಬಿಡುವಿನ ದಿನ ಅವರ ನಡುವೆ ನಡೆದಾಡಬಹುದು. ಎಲ್ಲ ಕಡೆಯೂ ಪೀಠ ಇಳಿದದ್ದಕ್ಕೆ ಒಂದು ಅರ್ಥವಿದೆ. ಎತ್ತರ ಗೌರವ ತರುತ್ತದೆಂದು ಏರಿಸಿದವರು, ಅದು ಮಾತನ್ನೇ ನುಂಗುತ್ತದೆ ಎಂದು ಕಂಡುಕೊಂಡರು.

ಎರಡನೇ ಆಕ್ಷೇಪ ಹೆಚ್ಚು ಚುರುಕಾದದ್ದು. ಕಂಚಿನ ಶಿಲ್ಪ ಶಿಲ್ಪಿಯೊಬ್ಬನ ಕೈಯದೇ ಎಲ್ಲಿ? ಅವನು ಜೇಡಿಮಣ್ಣಿನಲ್ಲಿ ಮಾಡುತ್ತಾನೆ. ಅದರಿಂದ ಪ್ಲಾಸ್ಟರ್, ಪ್ಲಾಸ್ಟರಿನಿಂದ ಮರಳಿನಲ್ಲೋ ಮೇಣ ಕರಗಿಸುವ ವಿಧಾನದಲ್ಲೋ ಮಾಡಿದ ಅಚ್ಚು, ಅದರೊಳಕ್ಕೆ ಕರಗಿದ ಕಂಚು. ಆರಿದ ಮೇಲೆ ಅಚ್ಚು ಒಡೆದು, ಲೋಹ ಹರಿದ ನಾಳಗಳ ತುಂಡು ಕತ್ತರಿಸಿ, ಉಳಿ ಅರಗಳಿಂದ ತಿದ್ದಿ, ರಾಸಾಯನಿಕ ಬಳಿದು ಬೆಂಕಿಯ ಕಾವು ಕೊಟ್ಟು ಬಣ್ಣ ಬರಿಸುವವರು ಎರಕದ ಮನೆಯ ಕೆಲಸಗಾರರು. ಕ್ಯಾಲೆಯ ಮೊದಲ ಎರಕ ಲಬ್ಲಾಂ-ಬಾರ್ಬೆದಿಯೆನ್ ಎರಕಶಾಲೆಯದು. ಈ ಶಿಲ್ಪದ ಮೂಲ ಎರಕಗಳು ಹನ್ನೆರಡಿದ್ದು, ಕೋಪನ್‌ಹೇಗನ್, ಫಿಲಡೆಲ್ಫಿಯಾ, ಟೋಕಿಯೊ, ಸೋಲ್‌ವರೆಗೆ ಹರಡಿವೆ. ಹಲವು ರೋಡಿನ್ ಸತ್ತ ಮೇಲೆ ಹೊಯ್ದವು. ಅವನ ಕಾರ್ಯಾಗಾರದಲ್ಲಿ ಕಮೀಲ್ ಕ್ಲೊದೆಲ್‌ಳಂಥ ಪ್ರತಿಭಾವಂತ ಸಹಾಯಕರಿದ್ದರು. ಕೈಕಾಲುಗಳ ಕೆಲಸದಲ್ಲಿ ಅವಳ ಪಾಲಿತ್ತು ಎಂಬ ಮಾತಿದೆ. ಸಾಲದ್ದಕ್ಕೆ ರೋಡಿನ್ ಒಮ್ಮೆ ಮಾಡಿದ ಕೈಯನ್ನೋ ತಲೆಯನ್ನೋ ಮತ್ತೆ ಮತ್ತೆ ಬಳಸುತ್ತಿದ್ದ. ಈ ಗುಂಪಿನೊಳಗೇ ಅಂಥ ಮರುಬಳಕೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಪಿಯರ್ ದ ವಿಸಾಂನ ಎಡಗೈಯನ್ನಂತೂ ಮುಂದೆ ಕ್ಲೊದೆಲ್‌ಳ ಮುಖವಾಡದ ಪಕ್ಕದಲ್ಲಿಟ್ಟು ಬೇರೆಯೇ ಕೃತಿ ಮಾಡಿದ. ಹೀಗಿರುವಾಗ ಒಂದು ಬೆರಳಿನ ಬಾಗಿನಲ್ಲಿ ಒಬ್ಬ ಮನುಷ್ಯನ ಅಂತರಂಗ ಓದುವುದು ಇಲ್ಲದ್ದನ್ನು ಇದೆಯೆಂದು ಹೇಳಿದಂತಲ್ಲವೇ?

ಮರುಬಳಕೆಯ ಸಂಗತಿ ನಮ್ಮ ವಾದವನ್ನು ಗಟ್ಟಿ ಮಾಡುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಒಂದೇ ರಾಗದ ಒಂದೇ ಸ್ವರಗುಚ್ಛ ಆಲಾಪದ ಮೊದಲಲ್ಲಿ ಬಂದಾಗ ಒಂದು ಭಾವ, ಕೊನೆಯಲ್ಲಿ ಬಂದಾಗ ಇನ್ನೊಂದು. ಸ್ವರ ಹಳೆಯದೆಂದು ಯಾರೂ ದೂರುವುದಿಲ್ಲ. ಅರಳಿದ ಬೆರಳಿನ ಅದೇ ಕೈ ಮೇಲೆತ್ತಿದಾಗ ಬೀಳ್ಕೊಡುಗೆ, ಮುಖದ ಮುಂದೆ ಬಂದಾಗ ಭಯ. ಪಿಯರ್‌ನ ಎಡಗೈ ಹೆಣ್ಣಿನ ಮುಖವಾಡದ ಬಳಿ ಬಂದಾಗ ಸಾಂತ್ವನ. ಅರ್ಥ ಇರುವುದು ಆ ಬೆರಳನ್ನು ಎಲ್ಲಿ, ಯಾವ ಕೋನದಲ್ಲಿ, ಯಾರ ಪಕ್ಕದಲ್ಲಿ ಇಟ್ಟಿದ್ದಾನೆ ಎಂಬುದರಲ್ಲಿ. ಇಡುವ ಆಯ್ಕೆ ರೋಡಿನ್‌ನದು, ಅದು ಹನ್ನೆರಡು ಎರಕಗಳಲ್ಲೂ ಒಂದೇ. ಎರಕದ ಕೆಲಸಗಾರರ ಪಾಲನ್ನು ಒಪ್ಪಿಕೊಳ್ಳುವುದರಿಂದಲೂ ವಿವರದ ಬೆಲೆ ಇಳಿಯುವುದಿಲ್ಲ. ಹೆಬ್ಬೆರಳಿನ ಒತ್ತು, ಮಣ್ಣಿನ ಉಂಡೆಯ ಏರು ಹಾಗೇ ಕಂಚಿಗೆ ಇಳಿದಿದ್ದರೆ ಅದರ ಹಿಂದೆ ಅವರ ನಿಷ್ಠೆಯಿದೆ. ಒರಟನ್ನು ಉಜ್ಜಿ ನಯ ಮಾಡಿಬಿಡುವುದು ಅವರಿಗೆ ಸುಲಭವಿತ್ತು. ವಿವರ ನೋಡಲು ಕಲಿತವನಿಗೆ ಆ ಹೆಸರಿಲ್ಲದ ಕೈಗಳ ಕೆಲಸವೂ ಕಾಣುತ್ತದೆ. ದೂರದಿಂದ ನೋಡುವವನಿಗೆ ಕಾಣುವುದು ಫಲಕದ ಮೇಲಿನ ಒಂದು ಹೆಸರು ಮಾತ್ರ.

ಮೂರನೇ ಆಕ್ಷೇಪ ಇತಿಹಾಸಕಾರರದು. ಕೊರಳಿಗೆ ಹಗ್ಗ ಹಾಕಿಕೊಂಡು ಬರಿಗಾಲಲ್ಲಿ ಬರುವುದು ಮಧ್ಯಯುಗದ ಶರಣಾಗತಿಯ ಒಂದು ವಿಧಿಯಾಗಿತ್ತು. ಅವರನ್ನು ಕೊಲ್ಲುವ ಉದ್ದೇಶವೇ ಇದ್ದಿರಲಾರದು ಎಂದು ವಾದಿಸುವವರಿದ್ದಾರೆ. ಯೂಸ್ಟಾಶ್‌ಗೆ ಶರಣಾಗತಿಯಾದ ಕೆಲವೇ ತಿಂಗಳಲ್ಲಿ ಎಡ್ವರ್ಡ್‌ನಿಂದಲೇ ಆಸ್ತಿ, ವೇತನ ಸಿಕ್ಕಿದ್ದಕ್ಕೆ ದಾಖಲೆಯಿದೆ. ಹಾಗಾದರೆ ಶಿಲ್ಪದ ಕಥೆಯೇ ಅಲುಗಾಡುತ್ತಿರುವಾಗ ವಿವರ ಮೆಚ್ಚಿ ಏನು ಫಲ? ಸಮಿತಿ ಬಯಸಿದ ಪ್ರತಿಮೆ ಆಗಿದ್ದಿದ್ದರೆ ಈ ಪ್ರಶ್ನೆಗೆ ಉತ್ತರವಿರುತ್ತಿರಲಿಲ್ಲ. ಎದೆ ಸೆಟೆದು, ಆಕಾಶ ನೋಡುತ್ತ, ಸಾವಿಗೆ ಸವಾಲು ಹಾಕುವ ಯೂಸ್ಟಾಶ್ ಈ ದಾಖಲೆಯ ಮುಂದೆ ನಗೆಪಾಟಲಾಗುತ್ತಿದ್ದ. ರೋಡಿನ್‌ನ ಯೂಸ್ಟಾಶ್ ಹಾಗಾಗುವುದಿಲ್ಲ. ದಣಿದ, ಬಾಗಿದ, ಕೈಬಿಟ್ಟ ಆ ಮುದುಕ ತಾನು ಹುತಾತ್ಮನೆಂದು ಹೇಳುತ್ತಿಲ್ಲ. ಬದುಕುಳಿಯುವೆನೋ ಇಲ್ಲವೋ ತಿಳಿಯದೆ ಹೊರಟವನ ಮೈ ಹೇಗಿರುತ್ತದೋ ಹಾಗಿದ್ದಾನೆ. ಘೋಷಣೆಯನ್ನು ನಂಬಿದ ಪ್ರತಿಮೆ ಇತಿಹಾಸ ತಿದ್ದುಪಡಿಯಾದಾಗ ಸುಳ್ಳಾಗುತ್ತದೆ. ಮನುಷ್ಯನ ಮೈಯನ್ನು ಗಮನಿಸಿ ಮಾಡಿದ ಪ್ರತಿಮೆ ಉಳಿಯುತ್ತದೆ. ಪ್ರತಿಮೆಗಳ ಸುತ್ತ ಜಗಳ ಎದ್ದು, ನಿನ್ನೆಯ ನಾಯಕರನ್ನು ಇಂದು ಪೀಠದಿಂದ ಇಳಿಸುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇದು ಯುರೋಪಿನ ಅಭಿರುಚಿ, ನಮ್ಮಲ್ಲಿ ಪ್ರತಿಮೆ ಇರುವುದು ಮಾಲೆ ಹಾಕಿ ಕೈಮುಗಿಯಲು ಎಂಬ ಮಾತೂ ಬರಬಹುದು. ಆದರೆ ಕಂಚಿನಲ್ಲಿ ಬೆರಳನ್ನು ಓದುವ ಅಭ್ಯಾಸ ನಮಗೆ ಹೊಸದಲ್ಲ. ಉತ್ಸವಮೂರ್ತಿಯ ಮುಂದೆ ನಿಂತವರಿಗೆ ಅಭಯ ಯಾವ ಕೈ, ವರದ ಯಾವ ಕೈ ಎಂದು ಹೇಳಿಕೊಡಬೇಕಿಲ್ಲ. ನಟರಾಜನ ಎತ್ತಿದ ಪಾದ, ಅದರ ಕಡೆಗೆ ತೋರುವ ಕೈ, ಕಾಲಡಿಯ ಅಪಸ್ಮಾರ ಎಲ್ಲದರ ಅರ್ಥ ಗೊತ್ತು. ಸ್ವತಃ ರೋಡಿನ್ ಮದರಾಸಿನ ವಸ್ತುಸಂಗ್ರಹಾಲಯದ ನಟರಾಜನ ಛಾಯಾಚಿತ್ರಗಳನ್ನು ನೋಡಿ, ಅಂಗಾಂಗಗಳ ಮೇಲೆ ಬೆಳಕು ನೆರಳು ಹೇಗೆ ಹರಿದಿದೆ ಎಂದು 1913ರಲ್ಲಿ ಬರೆದ. ಆ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1921ರಲ್ಲಿ. ವ್ಯತ್ಯಾಸ ಇಷ್ಟೇ: ದೇವರ ಮೂರ್ತಿಯ ಹಸ್ತಗಳಿಗೆ ಶಾಸ್ತ್ರದ ಒಪ್ಪಂದವಿದೆ, ನೋಡುವವನಿಗೆ ಅರ್ಥ ಮೊದಲೇ ತಿಳಿದಿರುತ್ತದೆ. ಕ್ಯಾಲೆಯ ಕೈಗಳಿಗೆ ಅಂಥ ಒಪ್ಪಂದವಿಲ್ಲ. ತಮ್ಮ ಮೈಯ ಅನುಭವದಿಂದಲೇ ಅವನ್ನು ಓದಿಕೊಳ್ಳಬೇಕು. ಗುಡಿಯಲ್ಲಿ ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಚೌಕಕ್ಕೆ ಬಂದೊಡನೆ ಅಡಿ ಎಣಿಸಲು ತೊಡಗುವುದಕ್ಕೆ ಸಂಸ್ಕೃತಿ ಕಾರಣವಲ್ಲ. ಚೌಕದಲ್ಲಿ ನೋಡಿಸಿಕೊಳ್ಳಬಲ್ಲ ಕೈಗಳನ್ನು ನಾವು ಕೇಳಿ ಪಡೆದಿಲ್ಲ, ಅದೇ ಕಾರಣ.

ಕೇಳಬಹುದು. ನೋಡುಗನಾಗಿ ಮಾಡಬೇಕಾದದ್ದು ಕಡಿಮೆ: ಮುಖಕ್ಕಿಂತ ಮೊದಲು ಕೈ ಪಾದ ನೋಡುವುದು, ಎದುರಿನಷ್ಟೇ ಹೊತ್ತು ಬೆನ್ನಿನ ಕಡೆಯೂ ನಿಲ್ಲುವುದು, ಬೆಳಗಿನ ಓರೆ ಬಿಸಿಲಿನಲ್ಲೊಮ್ಮೆ ಮಧ್ಯಾಹ್ನದಲ್ಲೊಮ್ಮೆ ಹೋಗುವುದು, ಎಲ್ಲಿ ಕೆಲಸ ತುಂಬಿದೆ ಎಲ್ಲಿ ಬೇಕೆಂದೇ ಬಿಟ್ಟಿದೆ ಎಂದು ಹೋಲಿಸುವುದು. ನಾಗರಿಕನಾಗಿ ಮಾಡಬೇಕಾದದ್ದು ಹೆಚ್ಚು. ಕ್ಯಾಲೆಯವರು ರೋಡಿನ್‌ನೊಡನೆ ಜಗಳವಾಡಿದ್ದು ಚಿಕ್ಕ ಮಾದರಿಯೊಂದು ಮುಂದಿದ್ದುದರಿಂದ. ಅವರ ವಾದ ತಪ್ಪಾಗಿರಬಹುದು, ಆದರೆ ಅದು ನಿಲುವು, ಮುಖಭಾವ, ಆಕಾರಗಳ ಬಗ್ಗೆ ನಡೆದ ವಾದ. ಊರಿನ ಹಣದಲ್ಲಿ ಏಳುವ ಶಿಲ್ಪದ ಬಗ್ಗೆ ಊರು ಆಡಬೇಕಾದ ಮಾತು. ನಮ್ಮಲ್ಲಿ ಪ್ರತಿಮೆಯ ಚರ್ಚೆ ಯಾರದು, ಎಲ್ಲಿ, ಎಷ್ಟು ಎತ್ತರ ಎಂಬಲ್ಲಿಗೆ ಮುಗಿದು, ಹೇಗೆ ಎಂಬ ಪ್ರಶ್ನೆ ಅನಾವರಣದ ಪರದೆ ಸರಿದ ಮೇಲೆ ಏಳುತ್ತದೆ, ಆಗ ಕಂಚು ಆರಿ ಗಟ್ಟಿಯಾಗಿರುತ್ತದೆ. ಮಾದರಿಯನ್ನು ಮೊದಲೇ ಸಾರ್ವಜನಿಕರ ಮುಂದಿಡಿ, ಪೀಠ ಎಷ್ಟು ಎತ್ತರವೆಂದು ಶಿಲ್ಪಿಯನ್ನು ಕೇಳಿ ನಿರ್ಧರಿಸಿ, ಈ ವ್ಯಕ್ತಿಯ ಕೈ ಏನು ಮಾಡುತ್ತಿರಬೇಕು ಎಂಬುದನ್ನು ಚರ್ಚೆಯ ಮೊದಲ ಪ್ರಶ್ನೆಯಾಗಿ ಇಟ್ಟುಕೊಳ್ಳಿ ಎಂದು ಪಾಲಿಕೆಯನ್ನೋ ಸಮಿತಿಯನ್ನೋ ಒತ್ತಾಯಿಸಲು ಕಲಾಪಂಡಿತರಾಗಬೇಕಿಲ್ಲ, ತೆರಿಗೆ ಕಟ್ಟುವವರಾದರೆ ಸಾಕು. ಎತ್ತರದ ದಾಖಲೆ ಇನ್ನೊಂದು ಊರಿನವರು ಹತ್ತು ಅಡಿ ಹೆಚ್ಚಿಸಿದ ದಿನ ಮುರಿಯುತ್ತದೆ. ಸರಿಯಾಗಿ ಯೋಚಿಸಿ ಇಟ್ಟ ಒಂದು ಕೈಗೆ ಆ ಸ್ಪರ್ಧೆಯ ಗೊಡವೆಯೇ ಇಲ್ಲ.